ಒಂದೇ ಹಾನಿ, ಎರಡು ಲೆಕ್ಕ: ಕತ್ರೀನಾ ನಂತರದ ‘ರೋಡ್ ಹೋಮ್’ ಯೋಜನೆಯ ಪ್ರಕರಣ ಅಧ್ಯಯನ

ವಿಪತ್ತು ಪರಿಹಾರದ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಕೋಟಿ ಬಿಡುಗಡೆಯಾಯಿತು ಅಂತ. ಆ ಹಣವನ್ನು ಯಾವ ಲೆಕ್ಕ ಹಾಕಿ ಹಂಚಿದರು ಅಂತ ಕೇಳುವವರು ಕಡಿಮೆ. ಅಮೆರಿಕದ ಲೂಸಿಯಾನಾ ರಾಜ್ಯದ ‘ರೋಡ್ ಹೋಮ್’ ಯೋಜನೆಯನ್ನು ಇಲ್ಲಿ ಆರಿಸಿಕೊಂಡಿದ್ದು ಅದೇ ಕಾರಣಕ್ಕೆ. ಸುಮಾರು 900 ಕೋಟಿ ಡಾಲರ್ ಹಣ, ಸುಮಾರು 1.3 ಲಕ್ಷ ಮನೆ ಮಾಲೀಕರು. ಮನೆ ಕಳೆದುಕೊಂಡವರಿಗಾಗಿ ಇಷ್ಟು ದೊಡ್ಡ ಯೋಜನೆಯನ್ನು ಆ ದೇಶ ಅದಕ್ಕೆ ಮೊದಲು ನಡೆಸಿರಲಿಲ್ಲ. ಆದರೂ ಬಡ ಬಡಾವಣೆಗಳ ಎಷ್ಟೋ ಜನ ಅರ್ಧ ಕಟ್ಟಿದ ಮನೆಯ ಮುಂದೆ ಕೈಖಾಲಿಯಾಗಿ ನಿಂತರು. ಯಾರೋ ಹಣ ನುಂಗಿದ್ದಕ್ಕೆ ಹೀಗಾಯಿತು ಅಂದರೆ ಅರ್ಥ ಮಾಡಿಕೊಳ್ಳುವುದು ಸುಲಭ. ಇಲ್ಲಿ ನಿಯಮ ಬರೆದ ಹಾಗೆಯೇ ಜಾರಿಯಾಯಿತು. ತೊಂದರೆ ಇದ್ದಿದ್ದೇ ಆ ನಿಯಮದಲ್ಲಿ.

ಮುಳುಗಿದ ಊರು

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಲೂಸಿಯಾನಾ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರದ ಕಾಲುವೆಗಳ ತಡೆಗೋಡೆಗಳು ಹಲವು ಕಡೆ ಒಡೆದವು. ಊರಿನ ಶೇ. 80ರಷ್ಟು ಭಾಗ ನೀರಿನಡಿ ಹೋಯಿತು, ಕೆಲವು ಕಡೆ ವಾರಗಟ್ಟಲೆ ನೀರು ಇಳಿಯಲೇ ಇಲ್ಲ. ಸೆಪ್ಟೆಂಬರ್ 24ಕ್ಕೆ ರೀಟಾ ಚಂಡಮಾರುತವೂ ಬಂದು ರಾಜ್ಯದ ಪಶ್ಚಿಮ ಭಾಗವನ್ನು ಹಾಳು ಮಾಡಿತು.

ಈ ಪ್ರಕರಣಕ್ಕೆ ಎರಡು ಬಡಾವಣೆಗಳು ಮುಖ್ಯ. ಒಂದು ಲೇಕ್‌ವ್ಯೂ. ಹೆಚ್ಚಾಗಿ ಬಿಳಿಯರು, ಅನುಕೂಲಸ್ಥರು ಇದ್ದ ಜಾಗ. 17ನೇ ಬೀದಿ ಕಾಲುವೆ ಒಡೆದು ಅಲ್ಲಿಗೆ ನೀರು ನುಗ್ಗಿತು. ಇನ್ನೊಂದು ಲೋವರ್ ನೈಂತ್ ವಾರ್ಡ್. ಹೆಚ್ಚುಕಡಿಮೆ ಪೂರ್ತಿ ಕಪ್ಪು ಜನರ ಬಡಾವಣೆ. ಇಂಡಸ್ಟ್ರಿಯಲ್ ಕಾಲುವೆಯ ಗೋಡೆ ಕುಸಿದಾಗ ಇಲ್ಲಿನ ಮನೆಗಳು ಬುಡಸಮೇತ ಕೊಚ್ಚಿ ಹೋದವು. ಬಡ ಬಡಾವಣೆ ಅಂದ ಮಾತ್ರಕ್ಕೆ ಎಲ್ಲರೂ ಬಾಡಿಗೆಯವರು ಅಂದುಕೊಳ್ಳಬಾರದು. ಲೋವರ್ ನೈಂತ್ ವಾರ್ಡ್‌ನಲ್ಲಿ ಸ್ವಂತ ಮನೆ ಇದ್ದವರ ಪ್ರಮಾಣ ನಗರದ ಸರಾಸರಿಗಿಂತ ಜಾಸ್ತಿ ಇತ್ತು. ಅಜ್ಜ ಕಟ್ಟಿದ ಮನೆ, ಅಪ್ಪ ಬಾಳಿದ ಮನೆ, ಈಗ ಮಕ್ಕಳಿರುವ ಮನೆ. ಸಾಲವೆಲ್ಲ ಎಂದೋ ತೀರಿತ್ತು.

ಸಾಲ ತೀರಿದ್ದೇ ಇಲ್ಲಿ ಇನ್ನೊಂದು ರೀತಿ ಮುಳುವಾಯಿತು. ಅಮೆರಿಕದಲ್ಲಿ ಸಾಮಾನ್ಯ ಗೃಹವಿಮೆ ಗಾಳಿ ಹೊಡೆತಕ್ಕೆ ದುಡ್ಡು ಕೊಡುತ್ತದೆ, ಪ್ರವಾಹಕ್ಕೆ ಕೊಡುವುದಿಲ್ಲ. ಪ್ರವಾಹಕ್ಕೆ 1968ರಿಂದ ಸರ್ಕಾರದ್ದೇ ಬೇರೆ ವಿಮೆ ಇದೆ. ಅಪಾಯದ ವಲಯದಲ್ಲಿ ಮನೆಗೆ ಸಾಲ ಕೊಡುವ ಬ್ಯಾಂಕು ಆ ವಿಮೆ ಮಾಡಿಸು ಅಂತ ಪಟ್ಟು ಹಿಡಿಯುತ್ತದೆ. ಸಾಲವೇ ಇಲ್ಲದವರಿಗೆ ಹೇಳುವವರು ಯಾರು? ಸಾಲದ್ದಕ್ಕೆ ತಡೆಗೋಡೆಯ ಹಿಂದೆ ಇದೆ ಎಂಬ ಕಾರಣಕ್ಕೆ ಕೆಲವು ಜಾಗಗಳನ್ನು ಸರ್ಕಾರದ ನಕ್ಷೆಯೇ ಕಡಿಮೆ ಅಪಾಯದ ಪಟ್ಟಿಗೆ ಸೇರಿಸಿತ್ತು. ಹಾಗಾಗಿ ನೀರು ಬಂದಾಗ ಎಷ್ಟೋ ಕುಟುಂಬಗಳ ಹತ್ತಿರ ಪ್ರವಾಹ ವಿಮೆ ಇರಲಿಲ್ಲ. ಫೆಡರಲ್ ಅಂದರೆ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆ ಫೀಮಾ ಆಗ ಒಂದು ಕುಟುಂಬಕ್ಕೆ ಕೊಡಬಹುದಾಗಿದ್ದ ಗರಿಷ್ಠ ನೆರವು 26,200 ಡಾಲರ್. ಅಷ್ಟರಲ್ಲಿ ಮನೆ ಕಟ್ಟಲು ಆಗುವುದಿಲ್ಲ.

ಈ ಕೊರತೆ ತುಂಬಲು ಬಂದಿದ್ದೇ ರೋಡ್ ಹೋಮ್. ಹಣ ಫೆಡರಲ್ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯದು. ಯೋಜನೆ ರೂಪಿಸಿದ್ದು ಗವರ್ನರ್ ಕ್ಯಾಥ್ಲೀನ್ ಬ್ಲಾಂಕೋ ಅವರ ಸರ್ಕಾರ ಮತ್ತು ಅವರು ಸ್ಥಾಪಿಸಿದ ಲೂಸಿಯಾನಾ ರಿಕವರಿ ಅಥಾರಿಟಿ. ಜನರ ಮುಂದೆ ಮೂರು ದಾರಿ ಇದ್ದವು: ಇದ್ದ ಜಾಗದಲ್ಲೇ ಮನೆ ಕಟ್ಟಿಕೊಳ್ಳುವುದು, ಮನೆಯನ್ನು ಸರ್ಕಾರಕ್ಕೆ ಮಾರಿ ರಾಜ್ಯದೊಳಗೇ ಬೇರೆ ಮನೆ ಕೊಳ್ಳುವುದು, ಇಲ್ಲವೇ ಮಾರಿ ರಾಜ್ಯವನ್ನೇ ಬಿಡುವುದು. ಕೊನೆಯದಕ್ಕೆ ಕೈಗೆ ಬರುವ ಮೊತ್ತ ಕಡಿಮೆ. ಹೆಚ್ಚಿನವರು ಆರಿಸಿದ್ದು ಮೊದಲ ದಾರಿಯನ್ನೇ.

ಸೂತ್ರ ಹೀಗಿತ್ತು

ಎರಡು ಅಂಕಿ ತೆಗೆದುಕೊಳ್ಳಬೇಕು. ಚಂಡಮಾರುತಕ್ಕೆ ಮೊದಲು ಮನೆಯ ಮಾರುಕಟ್ಟೆ ಬೆಲೆ ಎಷ್ಟಿತ್ತು ಎಂಬುದು ಒಂದು. ಈಗ ರಿಪೇರಿಗೆ ಎಷ್ಟು ಬೇಕು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು. ಅದರಲ್ಲಿ ವಿಮೆಯ ಹಣ, ಫೀಮಾ ಹಣ ಕಳೆಯಬೇಕು. ಉಳಿದದ್ದು ಅನುದಾನ. ಗರಿಷ್ಠ ಮಿತಿ 1.5 ಲಕ್ಷ ಡಾಲರ್.

ಓದಿದರೆ ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ? ಮನೆಯ ಬೆಲೆಗಿಂತ ಜಾಸ್ತಿ ಯಾಕೆ ಕೊಡಬೇಕು ಅನ್ನುವುದು ಯಾವ ಲೆಕ್ಕಾಧಿಕಾರಿಗೂ ಬರುವ ಮೊದಲ ಯೋಚನೆ. ಒಂದು ಉದಾಹರಣೆ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನು ಇಟ್ಟಿದ್ದು, ಸೂತ್ರ ಅವರದ್ದೇ.

ಎರಡು ಮನೆ. ಒಂದೇ ಅಳತೆ, ಒಂದೇ ಬಗೆಯ ಮರದ ಕೆಲಸ, ಇಬ್ಬರ ಮನೆಗೂ ಮಾಡಿನವರೆಗೆ ನೀರು. ರಿಪೇರಿಗೆ ಎರಡಕ್ಕೂ 1,50,000 ಡಾಲರ್ ಬೇಕು. ಸಿಮೆಂಟು, ಹಲಗೆ, ವೈರಿಂಗ್ ಯಾವುದರ ದರವೂ ಬಡಾವಣೆ ನೋಡಿ ಬದಲಾಗುವುದಿಲ್ಲ. ಮೊದಲ ಮನೆ ಲೇಕ್‌ವ್ಯೂ ಥರದ ಜಾಗದಲ್ಲಿದೆ, ಹಳೆಯ ಬೆಲೆ 2,20,000. ಎರಡನೆಯದು ಲೋವರ್ ನೈಂತ್ ವಾರ್ಡ್ ಥರದ ಜಾಗದಲ್ಲಿದೆ, ಹಳೆಯ ಬೆಲೆ 80,000.

ಮೊದಲ ಮನೆಗೆ ಹಿಡಿಯುವ ಅಂಕಿ 1,50,000. ಅವರಿಗೆ ವಿಮೆಯಿಂದ 90,000 ಬಂದಿದೆ ಅಂದುಕೊಳ್ಳೋಣ. ಅನುದಾನ 60,000. ವಿಮೆ, ಅನುದಾನ ಎರಡೂ ಸೇರಿ 1,50,000 ಆಯಿತು. ಮನೆ ಪೂರ್ತಿ.

ಎರಡನೇ ಮನೆಗೆ ಹಿಡಿಯುವ ಅಂಕಿ 80,000. ವಿಮೆ ಇಲ್ಲ, ಫೀಮಾದಿಂದ 20,000 ಬಂದಿದೆ. ಅನುದಾನ ಇಲ್ಲೂ 60,000. ಆದರೆ ಇವರ ಕೈಯಲ್ಲಿ ಒಟ್ಟು ಇರುವುದು 80,000. ಇನ್ನೂ 70,000 ಬೇಕು.

ಇಬ್ಬರಿಗೂ ಬಂದ ಚೆಕ್ಕು ಅಷ್ಟೇ ಮೊತ್ತದ್ದು. ಕಚೇರಿಯ ಪಟ್ಟಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ 60,000 ಅಂತಲೇ ಇರುತ್ತದೆ. ನೋಡಿದವರಿಗೆ ಭೇದಭಾವ ಕಾಣುವುದೇ ಇಲ್ಲ. ಒಬ್ಬರು ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ, ಇನ್ನೊಬ್ಬರ ಮನೆಗೆ ಗೋಡೆಯೂ ಎದ್ದಿಲ್ಲ. ಬಡವರ ಕೊರತೆ ತುಂಬಲು 50,000 ಡಾಲರ್‌ವರೆಗೆ ಹೆಚ್ಚುವರಿ ಅನುದಾನವೂ ಇತ್ತು, ನಿಜ. ಅದನ್ನು ಸೇರಿಸಿದರೂ ನಮ್ಮ ಎರಡನೇ ಮನೆಗೆ 20,000 ಕಡಿಮೆಯೇ ಬೀಳುತ್ತದೆ. ಉಳಿತಾಯ ಇಲ್ಲದ, ಕೆಲಸವೂ ಹೋದ ಕುಟುಂಬಕ್ಕೆ 20,000 ಅಂದರೆ ಮನೆ ಆಗಲ್ಲ ಅಂತಲೇ ಅರ್ಥ.

ಕಪ್ಪು ಜನರ ಬಡಾವಣೆಯಲ್ಲಿ ಮನೆಯ ಬೆಲೆ ಕಡಿಮೆ ಇದ್ದಿದ್ದು ಯಾಕೆ ಅನ್ನುವುದೂ ಇಲ್ಲಿ ಮುಖ್ಯ. ಮನೆ ಕಳಪೆ ಅಂತ ಅಲ್ಲ. ಹತ್ತಾರು ವರ್ಷ ಬ್ಯಾಂಕುಗಳು ಅಲ್ಲಿ ಸಾಲ ಕೊಡದೆ, ಬಿಳಿಯರು ಅಲ್ಲಿ ಕೊಳ್ಳದೆ ಬೆಲೆ ಬಿದ್ದಿತ್ತು. ಆ ಹಳೆಯ ಅನ್ಯಾಯವನ್ನು ಸೂತ್ರ ಸದ್ದಿಲ್ಲದೆ ಪರಿಹಾರದ ಲೆಕ್ಕದೊಳಗೆ ತಂದಿಟ್ಟಿತು. ಸೂತ್ರ ಬರೆದವರ ಮನಸ್ಸಿನಲ್ಲಿ ಇದು ಇತ್ತು ಅಂತ ನಾನು ಹೇಳುತ್ತಿಲ್ಲ. ಬರೆಯುವ ಮೊದಲು ನಾಲ್ಕಾರು ನಿಜವಾದ ಮನೆಗಳ ಮೇಲೆ ಲೆಕ್ಕ ಹಾಕಿ ನೋಡಿದ್ದರೆ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತಿತ್ತು. ಅದನ್ನು ಮಾಡದಿದ್ದದ್ದು ದೊಡ್ಡ ತಪ್ಪು.

ಹಣ ಬಂದ ರೀತಿ

ಸೂತ್ರದ ಜೊತೆಗೆ ನಿಧಾನವೂ ಸೇರಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮೊದಲ ಕಂತು ಮಂಜೂರು ಮಾಡಿದ್ದು 2005ರ ಡಿಸೆಂಬರ್‌ನಲ್ಲಿ, ಇನ್ನೊಂದು ದೊಡ್ಡ ಕಂತು 2006ರ ಜೂನ್‌ನಲ್ಲಿ. ಅರ್ಜಿ ತೆಗೆದುಕೊಂಡು ಹಣ ಹಂಚುವ ಕೆಲಸವನ್ನು ರಾಜ್ಯ ಒಂದು ಖಾಸಗಿ ಕಂಪನಿಗೆ ಕೋಟಿಗಟ್ಟಲೆ ಡಾಲರ್‌ಗೆ ಗುತ್ತಿಗೆ ಕೊಟ್ಟಿತು. 2006 ಮುಗಿಯುವ ಹೊತ್ತಿಗೆ ಅರ್ಜಿಗಳು ಸಾವಿರ ಸಾವಿರ ಬಂದಿದ್ದವು, ಹಣ ಕೈಸೇರಿದ್ದು ಬೆರಳೆಣಿಕೆಯ ಮನೆಗಳಿಗೆ. ಆಮೇಲೆ ಹಣವೇ ಸಾಲದೆ ಬಂದು 2007ರ ನವೆಂಬರ್‌ನಲ್ಲಿ ಕಾಂಗ್ರೆಸ್ ಇನ್ನೂ 300 ಕೋಟಿ ಡಾಲರ್ ಕೊಡಬೇಕಾಯಿತು.

ನಡುವೆ ಇನ್ನೊಂದು ಎಡವಟ್ಟು. ರಾಜ್ಯ ಮೊದಲು ಅನುದಾನವನ್ನು ಕಂತಿನಲ್ಲಿ ಕೊಡಲು ಹೊರಟಿತ್ತು. ಕೆಲಸ ಆದ ಹಾಗೆ ಹಣ. 2007ರ ಮಾರ್ಚ್‌ನಲ್ಲಿ ಫೆಡರಲ್ ವಸತಿ ಇಲಾಖೆ ಇದು ನಡೆಯಲ್ಲ ಅಂದಿತು. ಯೋಜನೆಯನ್ನು ಕಾಗದದಲ್ಲಿ ಬರೆದಿದ್ದು ನಷ್ಟಪರಿಹಾರ ಅಂತ. ಕಂತಿನಲ್ಲಿ ಕೊಟ್ಟರೆ ಅದು ಕಟ್ಟಡ ಯೋಜನೆಯಾಗುತ್ತದೆ, ಆಗ ಪ್ರತಿ ಮನೆಗೂ ಪರಿಸರ ಪರಿಶೀಲನೆ ಆಗಬೇಕು. ಆ ರಗಳೆ ತಪ್ಪಿಸಲೆಂದೇ ರಾಜ್ಯ ನಷ್ಟಪರಿಹಾರದ ದಾರಿ ಹಿಡಿದಿತ್ತು. ಹಾಗಾಗಿ ಪೂರ್ತಿ ಹಣ ಒಂದೇ ಸಲ ಕೊಡುವ ಪದ್ಧತಿ ಬಂತು.

ಒಂದೇ ಸಲ ಕೈಗೆ ಬಂದ ಹಣದ ಹಿಂದೆ ಮೋಸದ ಗುತ್ತಿಗೆದಾರರು ಬಂದರು. ಮುಂಗಡ ತೆಗೆದುಕೊಂಡು ಮಾಯವಾದವರಿದ್ದರು. ಬಂದ ಹಣವನ್ನು ಹಳೆಯ ಸಾಲಕ್ಕೋ ಎರಡು ವರ್ಷದ ಬಾಡಿಗೆಗೋ ತುಂಬಿದ ಕುಟುಂಬಗಳೂ ಇದ್ದವು. ಅವರನ್ನು ದೂರುವ ಹಾಗಿಲ್ಲ. ನಷ್ಟಪರಿಹಾರ ಅಂತ ಕೊಟ್ಟ ಮೇಲೆ ಅದು ಅವರ ಹಣ. ಆದರೆ ಮನೆ ಏಳಬೇಕು ಅನ್ನುವುದೇ ಗುರಿಯಾಗಿದ್ದರೆ, ಹಣ ಕೊಟ್ಟು ಕೈತೊಳೆದುಕೊಳ್ಳುವ ಬದಲು ನಂಬಿಕಸ್ಥ ಗುತ್ತಿಗೆದಾರರ ಪಟ್ಟಿ, ಕೆಲಸ ನೋಡಿಕೊಳ್ಳುವ ಒಬ್ಬ ಮೇಲ್ವಿಚಾರಕ, ಇಷ್ಟಾದರೂ ಕೊಡಬೇಕಿತ್ತು.

ಬಾಡಿಗೆದಾರರ ಕಥೆ ಇನ್ನೂ ಕಷ್ಟದ್ದು. ನಗರದ ಅರ್ಧಕ್ಕೂ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯವು. ಸಣ್ಣ ಬಾಡಿಗೆ ಮನೆಗಳ ಮಾಲೀಕರಿಗೆ ಬೇರೆ ಯೋಜನೆ ಮಾಡಿದರು. ಮೊದಲು ನಿಮ್ಮ ದುಡ್ಡಿನಲ್ಲಿ ರಿಪೇರಿ ಮಾಡಿ, ಬಾಡಿಗೆದಾರರನ್ನು ಇರಿಸಿ, ಆಮೇಲೆ ನಾವು ಕೊಡುತ್ತೇವೆ ಅನ್ನುವುದು ಅದರ ನಿಯಮ. ಎಲ್ಲ ಕಳೆದುಕೊಂಡ ಸಣ್ಣ ಮಾಲೀಕರಿಗೆ ಆ ಮೊದಲ ದುಡ್ಡು ಎಲ್ಲಿಂದ ಬರಬೇಕು? ನಡೆಯಲಿಲ್ಲ. ನಿಯಮ ಬದಲಿಸಬೇಕಾಯಿತು.

ಅಜ್ಜನ ಹೆಸರಿನ ಮನೆ

ಅರ್ಜಿಗೆ ಆಸ್ತಿ ಪತ್ರ ಬೇಕು. ಲೋವರ್ ನೈಂತ್ ವಾರ್ಡ್‌ನಂಥ ಕಡೆ ಪತ್ರ ಇನ್ನೂ ತೀರಿಹೋದ ಅಜ್ಜ, ಅಜ್ಜಿಯರ ಹೆಸರಿನಲ್ಲೇ ಇತ್ತು. ವಿಲ್ ಬರೆಯದೆ ತೀರಿಹೋದರೆ ಮನೆ ಎಲ್ಲ ವಾರಸುದಾರರಿಗೂ ಸೇರುತ್ತದೆ. ಮಗ ಇಲ್ಲಿ, ಮಗಳು ಟೆಕ್ಸಾಸ್‌ನಲ್ಲಿ, ಮೊಮ್ಮಗ ಎಲ್ಲೋ. ನಲವತ್ತು ವರ್ಷದಿಂದ ಆ ಮನೆಯಲ್ಲೇ ಇದ್ದು ತೆರಿಗೆ ಕಟ್ಟಿದವರೂ ಕಾಗದದ ಪ್ರಕಾರ ಒಬ್ಬರೇ ಮಾಲೀಕರಲ್ಲ. ಎಲ್ಲರ ಸಹಿ ತರಿಸಿ, ವಕೀಲರಿಗೆ ದುಡ್ಡು ಕೊಟ್ಟು, ಕೋರ್ಟಿನಲ್ಲಿ ಹಕ್ಕು ಸರಿಮಾಡಿಸಬೇಕು. ಊರೇ ಚದುರಿಹೋದ ಸಮಯದಲ್ಲಿ ಇದೆಲ್ಲ ಹೇಗೆ ಸಾಧ್ಯ? ಸಾವಿರಾರು ಅರ್ಜಿಗಳು ಇಲ್ಲೇ ಸಿಕ್ಕಿಬಿದ್ದವು.

ನನಗೆ ಈ ಭಾಗ ಸೂತ್ರಕ್ಕಿಂತ ಜಾಸ್ತಿ ಸಂಕಟ ಕೊಡುತ್ತದೆ. ಯಾಕೆಂದರೆ ಇದನ್ನು ಮೊದಲೇ ಸರಿ ಮಾಡಬಹುದಿತ್ತು. ಚಂಡಮಾರುತ ಬರುವ ಊರು ಅಂತ ಎಲ್ಲರಿಗೂ ಗೊತ್ತು. ಶಾಂತವಾಗಿದ್ದ ವರ್ಷಗಳಲ್ಲಿ ಉಚಿತ ಕಾನೂನು ನೆರವು ಕೊಟ್ಟು ಈ ಪತ್ರಗಳನ್ನು ಸರಿಮಾಡಿಸಿದ್ದರೆ ಅದರ ಖರ್ಚು ತಡೆಗೋಡೆಯ ಖರ್ಚಿನ ಮುಂದೆ ಏನೇನೂ ಅಲ್ಲ. ವಿಪತ್ತು ತಾಳಿಕೊಳ್ಳುವ ಶಕ್ತಿ ಅಂದರೆ ಕಾಂಕ್ರೀಟು ಅಷ್ಟೇ ಅಂದುಕೊಂಡಿದ್ದೇವೆ. ಸರಿಯಾದ ಒಂದು ಆಸ್ತಿ ಪತ್ರವೂ ಅದರ ಭಾಗವೇ.

ಕೋರ್ಟು, ಆಮೇಲೆ ಇನ್ನೊಂದು ಕೋರ್ಟು

2008ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಒಂದು ವಸತಿ ಹಕ್ಕು ಸಂಸ್ಥೆ, ಅದೇ ಕ್ಷೇತ್ರದ ಒಂದು ರಾಷ್ಟ್ರೀಯ ಒಕ್ಕೂಟ ಮತ್ತು ಐವರು ಕಪ್ಪು ಮನೆ ಮಾಲೀಕರು ಫೆಡರಲ್ ಕೋರ್ಟಿಗೆ ಹೋದರು. ಸೂತ್ರ ಜನಾಂಗ ಭೇದ ಮಾಡುತ್ತದೆ ಅನ್ನುವುದು ಅವರ ದೂರು. 2010ರಲ್ಲಿ ಜಿಲ್ಲಾ ನ್ಯಾಯಾಧೀಶರು ಅವರ ವಾದಕ್ಕೆ ಕಿವಿಗೊಟ್ಟು, ಬಾಕಿ ಇದ್ದ ಅನುದಾನಗಳಿಗೆ ಹಳೆಯ ಬೆಲೆ ಲೆಕ್ಕ ಹಿಡಿಯಬಾರದು ಅಂದರು. 2011ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟು ಆ ತಡೆಯನ್ನು ತೆಗೆಯಿತು. ಕೊನೆಗೆ 2011ರ ಜುಲೈನಲ್ಲಿ ರಾಜಿಯಾಯಿತು. ಸುಮಾರು 1,300 ಕುಟುಂಬಗಳಿಗೆ 6.2 ಕೋಟಿ ಡಾಲರ್. ಕೇಸು ನಡೆಯುತ್ತಿದ್ದಾಗಲೇ ಬಡವರ ಹೆಚ್ಚುವರಿ ಅನುದಾನದ 50,000 ಮಿತಿಯನ್ನು ಎತ್ತಿದ್ದರಿಂದ 13,000ಕ್ಕೂ ಹೆಚ್ಚು ಕುಟುಂಬಗಳಿಗೆ 47 ಕೋಟಿ ಡಾಲರ್‌ಗೂ ಹೆಚ್ಚು ಸಿಕ್ಕಿತು. ರಾಜಿಯ ಹಣಕ್ಕಿಂತ ಇದೇ ದೊಡ್ಡ ಗೆಲುವು. ಆದರೆ ಅಷ್ಟೊತ್ತಿಗೆ ಕತ್ರೀನಾ ಬಂದು ಆರು ವರ್ಷ. ಕಾಯಲು ಆಗದವರು ಬೇರೆ ಊರಿನಲ್ಲಿ ನೆಲೆಸಿಬಿಟ್ಟಿದ್ದರು. ಲೋವರ್ ನೈಂತ್ ವಾರ್ಡ್‌ನ ಜನಸಂಖ್ಯೆ ಇವತ್ತಿಗೂ ಹಿಂದಿದ್ದುದರ ಅರ್ಧಕ್ಕೆ ಮುಟ್ಟಿಲ್ಲ.

ಎರಡನೇ ಕೋರ್ಟು ಕಥೆಯಲ್ಲಿ ದೂರು ಕೊಟ್ಟಿದ್ದು ಸರ್ಕಾರ. ಮನೆಯನ್ನು ನೆಲದಿಂದ ಎತ್ತರಿಸಿ ಕಂಬಗಳ ಮೇಲೆ ಕೂರಿಸಲು 30,000 ಡಾಲರ್‌ವರೆಗೆ ಬೇರೆ ಅನುದಾನ ಕೊಟ್ಟಿದ್ದರು. ಉದ್ದೇಶ ಒಳ್ಳೆಯದೇ, ಮುಂದಿನ ಪ್ರವಾಹಕ್ಕೆ ಮನೆ ಉಳಿಯುತ್ತದೆ. ಆದರೆ ಎಷ್ಟೋ ಮನೆಗಳನ್ನು ಎತ್ತರಿಸಲು ಅದಕ್ಕಿಂತ ಬಹಳ ಜಾಸ್ತಿ ಬೇಕಿತ್ತು. ಮೊದಲ ಅನುದಾನವೇ ಸಾಲದೆ ಬಂದವರು ಈ ಹಣವನ್ನೂ ಗೋಡೆಗೆ, ಮಾಡಿಗೆ ಹಾಕಿದರು. ಹಾಗೆ ಬಳಸಬಹುದು ಅಂತ ಯೋಜನೆಯ ಸಿಬ್ಬಂದಿಯೇ ಹೇಳಿದ್ದರು ಅನ್ನುವುದು ಹಲವರ ಮಾತು. ಆಮೇಲೆ ಫೆಡರಲ್ ಲೆಕ್ಕಪರಿಶೋಧಕರು ಸುಮಾರು 24,000 ಮನೆಗಳ ವಿಷಯದಲ್ಲಿ ಪ್ರಶ್ನೆ ಎತ್ತಿದರು. ಎತ್ತರಿಸಿದ್ದಕ್ಕೆ ಪುರಾವೆ ಎಲ್ಲಿ ಅಂತ. ರಾಜ್ಯ ಜನರಿಗೆ ಪತ್ರ ಬರೆಯಿತು, ಕೊನೆಗೆ ಸುಮಾರು 3,500 ಮನೆಗಳವರ ಮೇಲೆ ಕೇಸು ಹಾಕಿತು. 2022ರಲ್ಲಿ ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾ, ಸ್ಥಳೀಯ ಟೈಮ್ಸ್-ಪಿಕಯೂನ್ ಪತ್ರಿಕೆ ಮತ್ತು ಒಂದು ಟಿವಿ ವಾಹಿನಿ ಸೇರಿ ಇದನ್ನು ಬಯಲಿಗೆ ತಂದವು. 2023ರ ಫೆಬ್ರವರಿಯಲ್ಲಿ ಫೆಡರಲ್ ಇಲಾಖೆ ಮತ್ತು ರಾಜ್ಯ ಕೇಸುಗಳನ್ನು ಕೈಬಿಟ್ಟವು.

ಅದೇ ಪತ್ರಕರ್ತರ ಇನ್ನೊಂದು ಲೆಕ್ಕವನ್ನು ನೋಡಬೇಕು. ಎಲ್ಲ ನೆರವು ಸೇರಿಸಿದ ಮೇಲೂ ನಗರದ ತೀರಾ ಬಡ ಪ್ರದೇಶಗಳ ಜನ ಮನೆ ಕಟ್ಟುವ ಖರ್ಚಿನಲ್ಲಿ ಶೇ. 30ನ್ನು ತಾವೇ ಹೊಂದಿಸಬೇಕಾಗಿತ್ತು. ಅನುಕೂಲಸ್ಥ ಪ್ರದೇಶಗಳಲ್ಲಿ ಆ ಪಾಲು ಶೇ. 20. ಹೊಂದಿಸಿಕೊಳ್ಳುವ ಶಕ್ತಿ ಕಡಿಮೆ ಇದ್ದ ಕಡೆಯೇ ಹೊರೆ ಜಾಸ್ತಿ.

ಏನು ಬದಲಾಯಿತು

ಬದಲಾವಣೆಗಳು ಆಗಿವೆ, ನಿಧಾನವಾಗಿ. 2016ರ ಆಗಸ್ಟ್‌ನಲ್ಲಿ ಲೂಸಿಯಾನಾದಲ್ಲಿ ಮತ್ತೆ ದೊಡ್ಡ ಪ್ರವಾಹ ಬಂದಾಗ ರಾಜ್ಯ ‘ರಿಸ್ಟೋರ್ ಲೂಸಿಯಾನಾ’ ಅನ್ನುವ ಹೊಸ ಯೋಜನೆ ಮಾಡಿತು. ಈ ಸಲ ಹಳೆಯ ಬೆಲೆಯ ಮಾತಿಲ್ಲ. ರಿಪೇರಿಗೆ ಏನು ಬೇಕು ಅನ್ನುವುದೇ ಲೆಕ್ಕ, ಕೆಲಸ ಆದ ಹಾಗೆ ಹಣ. ಹನ್ನೊಂದು ವರ್ಷದ ಹಿಂದೆ ಇದೇ ಮಾಡಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ.

ಅಲ್ಲೂ ಒಂದು ಗಂಟು ಸಿಕ್ಕಿತು. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಸರ್ಕಾರಿ ನೆರವು ಸಲ್ಲದು ಅನ್ನುವ ಕಾನೂನಿದೆ. ಸರ್ಕಾರದ ವಿಪತ್ತು ಸಾಲವನ್ನೂ ನೆರವು ಅಂತಲೇ ಎಣಿಸುತ್ತಿದ್ದರು. ಸಾಲ ಮಂಜೂರಾಗಿದ್ದರೆ ಸಾಕು, ತೆಗೆದುಕೊಳ್ಳದಿದ್ದರೂ ಅನುದಾನದಲ್ಲಿ ಅಷ್ಟು ಕಡಿತ. ಬೇಗ ಅರ್ಜಿ ಹಾಕಿ ತಾವೇ ಎದ್ದು ನಿಲ್ಲಲು ನೋಡಿದವರಿಗೇ ಪೆಟ್ಟು. ಜನ ಗಲಾಟೆ ಮಾಡಿದ ಮೇಲೆ 2018ರ ಅಕ್ಟೋಬರ್‌ನ ವಿಪತ್ತು ಸುಧಾರಣಾ ಕಾಯ್ದೆ ಈ ಗಂಟನ್ನು ಬಿಡಿಸಿತು.

ಆಸ್ತಿ ಪತ್ರದ ವಿಷಯದಲ್ಲಿ ಫೀಮಾ 2021ರ ಸೆಪ್ಟೆಂಬರ್‌ನಲ್ಲಿ ನಿಯಮ ಸಡಿಲಿಸಿತು. ಪಿತ್ರಾರ್ಜಿತ ಮನೆಯವರು ಬೇರೆ ದಾಖಲೆಗಳನ್ನು ತೋರಿಸಬಹುದು, ಏನೂ ಇಲ್ಲದಿದ್ದರೆ ಸ್ವಂತ ಘೋಷಣೆ ಬರೆದುಕೊಡಬಹುದು. 2024ರ ಮಾರ್ಚ್‌ನಲ್ಲಿ ಇನ್ನೊಂದು ಹೆಜ್ಜೆ. ಕೆಲವು ನೆರವಿಗೆ ಮೊದಲು ಸರ್ಕಾರಿ ಸಾಲಕ್ಕೆ ಅರ್ಜಿ ಹಾಕಲೇಬೇಕು ಅನ್ನುವ ಷರತ್ತು ಹೋಯಿತು. ಇವೆಲ್ಲ ಕಾಗದದಲ್ಲಿ ಸಣ್ಣ ತಿದ್ದುಪಡಿ. ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರಿಗೆ ಬಹಳ ದೊಡ್ಡದು.

ತಡೆಗೋಡೆಗಳಿಗೂ ಸುಮಾರು 1,450 ಕೋಟಿ ಡಾಲರ್ ಸುರಿದರು. 2021ರ ಆಗಸ್ಟ್ 29ರಂದು ಐಡಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್‌ನ ಗೋಡೆಗಳು ನಿಂತವು. ಆದರೆ ಇಡೀ ನಗರದ ಕರೆಂಟು ಹೋಯಿತು, ದಿನಗಟ್ಟಲೆ ಬರಲಿಲ್ಲ.

ಇನ್ನೂ ಆಗದ ಕೆಲಸ

ಮನೆ ಕಟ್ಟಿಸುವ ಈ ದೊಡ್ಡ ಹಣಕ್ಕೆ ಅಮೆರಿಕದಲ್ಲಿ ಖಾಯಂ ಕಾನೂನಿನ ಆಧಾರವೇ ಇಲ್ಲದೆ ವರ್ಷಗಟ್ಟಲೆ ನಡೆದಿದೆ. ಪ್ರತಿ ವಿಪತ್ತಿನ ನಂತರ ಕಾಂಗ್ರೆಸ್ ಬೇರೆಯಾಗಿ ಹಣ ಮಂಜೂರು ಮಾಡಬೇಕು, ಇಲಾಖೆ ಮತ್ತೆ ನಿಯಮ ಪ್ರಕಟಿಸಬೇಕು, ರಾಜ್ಯ ಮತ್ತೆ ಯೋಜನೆ ಬರೆಯಬೇಕು. ಇದಕ್ಕೆ ಖಾಯಂ ಕಾನೂನು ಮಾಡಿ ಅಂತ ಸರ್ಕಾರದ್ದೇ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ಕಾಂಗ್ರೆಸ್‌ಗೆ ಹೇಳಿತು. ಮರುವರ್ಷವೇ ಪರೀಕ್ಷೆ ಬಂತು. 2020ರ ಆಗಸ್ಟ್ 27ರಂದು ಲಾರಾ ಚಂಡಮಾರುತ ಲೂಸಿಯಾನಾದ ಲೇಕ್ ಚಾರ್ಲ್ಸ್ ನಗರವನ್ನು ಹಾಳುಗೆಡವಿತು. ಆ ವರ್ಷದ ವಿಪತ್ತುಗಳಿಗೆ ಈ ಬಗೆಯ ಹಣ ಮಂಜೂರಾಗಿದ್ದು 2021ರ ಸೆಪ್ಟೆಂಬರ್ ಕೊನೆಗೆ. ಹದಿಮೂರು ತಿಂಗಳು ಬರೀ ಮಂಜೂರಾತಿಗೆ. ಮನೆಗೆ ತಲುಪಲು ಇನ್ನೂ ಮುಂದೆ.

ನನ್ನ ಅಭಿಪ್ರಾಯದಲ್ಲಿ ಆ ಖಾಯಂ ಕಾನೂನಿನಲ್ಲಿ ಲೆಕ್ಕದ ಸೂತ್ರವೂ ಬರೆದಿರಬೇಕು: ಅನುದಾನ ಎಷ್ಟು ಅನ್ನುವುದನ್ನು ಮನೆ ಕಟ್ಟುವ ಖರ್ಚು ನೋಡಿ ನಿರ್ಧರಿಸಬೇಕು, ಮನೆಯ ಮಾರುಕಟ್ಟೆ ಬೆಲೆ ನೋಡಿ ಅಲ್ಲ. ಬಡ ಕುಟುಂಬದ ಅರ್ಜಿಗೆ ಮೊದಲ ಸರದಿ ಇರಬೇಕು. ಹಣದ ಒಂದು ಪಾಲು ಆಸ್ತಿ ಪತ್ರ ಸರಿಮಾಡಿಸಲು ಮೀಸಲಿರಬೇಕು, ಅದೂ ವಿಪತ್ತಿಲ್ಲದ ವರ್ಷಗಳಲ್ಲಿ ಖರ್ಚಾಗಬೇಕು. ಅರ್ಜಿ ನಮೂನೆ ಅಚ್ಚಾಗುವ ಮೊದಲು ಅಧಿಕಾರಿಗಳು ಬೇರೆ ಬೇರೆ ಬಡಾವಣೆಯ ಹತ್ತು ನಿಜವಾದ ಮನೆಗಳ ಮೇಲೆ ಸೂತ್ರ ಹಾಕಿ, ಕೊನೆಯ ಸಾಲಿನಲ್ಲಿ ಪ್ರತಿ ಮನೆಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಬರೆದು ಜನರ ಮುಂದೆ ಇಡಬೇಕು. 2006ರಲ್ಲಿ ಆ ಹಾಳೆ ಪ್ರಕಟವಾಗಿದ್ದರೆ ಲೋವರ್ ನೈಂತ್ ವಾರ್ಡ್‌ನವರು ಅದೇ ವಾರ ಪ್ರಶ್ನೆ ಎತ್ತುತ್ತಿದ್ದರು, ಕೋರ್ಟಿನ ಮೆಟ್ಟಿಲು ಹತ್ತಲು 2008ರವರೆಗೆ ಕಾಯುತ್ತಿರಲಿಲ್ಲ.